ಒಡೆಯನ ಹೆಸರು

"ಮುದ್ರಣ ಯಂತ್ರ ಸಿಗಲಿಲ್ಲ," ಎಂದಿತು ಗಣಕದ ದನಿ, ಐದನೆಯ ಸಲ.

"ಸಿಗದೆ ಎಲ್ಲಿಗೆ ಹೋಗುತ್ತೆ? ನನ್ನ ಮೊಣಕೈಗೆ ತಾಗ್ತಾ ಇದೆ," ಎಂದು ಅಕ್ಕ ಯಂತ್ರದ ಮುಚ್ಚಳದ ಮೇಲೆ ಒಂದು ಪೆಟ್ಟು ಕೊಟ್ಟಳು.

ಆ ಬ್ರೈಲ್ ಮುದ್ರಣಾಲಯದಲ್ಲಿ ಎಲ್ಲರಿಗೂ ಅವಳು ಅಕ್ಕ. ಮೊದಲು ಹಾಗೆ ಕರೆದವನು ಅವಳ ಸ್ವಂತ ತಮ್ಮ. ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವನು. ಅವನು ತೀರಿಕೊಂಡು ಐದು ವಾರವಾಗಿತ್ತು.

ಗಂಟೆ ಎರಡೂವರೆ. ನಾಲ್ಕಕ್ಕೆ ಪರೀಕ್ಷಾ ಕಚೇರಿಯ ವ್ಯಾನ್ ಬರುತ್ತದೆ. ಕಣ್ಣಿಲ್ಲದ ಏಳು ಮಕ್ಕಳ ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಇನ್ನೂ ಒಂದು ಹಾಳೆಯೂ ಅಚ್ಚಾಗಿಲ್ಲ. ಪತ್ರಿಕೆ ಹೋಗದಿದ್ದರೆ ಆ ಮಕ್ಕಳು ಯಾರೋ ಓದಿ ಹೇಳಿದ್ದನ್ನು ಕೇಳಿ ಉತ್ತರ ಬರೆಯಬೇಕು. ಹುಟ್ಟಿನಿಂದ ಕಣ್ಣಿಲ್ಲದ ಅಕ್ಕ ತನ್ನ ಕಾಲದಲ್ಲಿ ಹಾಗೆ ಗಣಿತ ಬರೆದು ಎರಡು ಸಲ ಫೇಲಾಗಿದ್ದಳು.

ಕೇಂದ್ರ ಕಚೇರಿಗೆ ಫೋನ್ ಮಾಡಿದಳು.

"ಕೇಬಲ್ ತೆಗೆದು ಮತ್ತೆ ಹಾಕಿ ಮೇಡಂ," ಎಂದಿತು ಎಳೆಯ ಗಂಡು ದನಿ.

"ಮೂರು ಸಲ ಹಾಕಿದೆ."

"ಇನ್ನೊಂದ್ಸಲ ಹಾಕಿ ನೋಡಿ."

"ನೋಡೋಕೆ ಕಣ್ಣಿದ್ದಿದ್ರೆ ನಿನಗ್ಯಾಕಪ್ಪ ಫೋನ್ ಮಾಡ್ತಿದ್ದೆ?"

"ಹಾಗಾದ್ರೆ ಯಂತ್ರ ಕೆಟ್ಟಿರಬೇಕು. ದೂರು ಬರ್ಕೋತೀನಿ, ಎರಡು ದಿನದಲ್ಲಿ ಜನ ಬರ್ತಾರೆ."

ಅಕ್ಕ ಫೋನನ್ನು ಕುಕ್ಕಿದಳು. ಎರಡು ದಿನವಂತೆ! ದೇವರೇ, ಯಾರ ಹತ್ತಿರ ಬಡಿದುಕೊಳ್ಳಲಿ ಎನ್ನಿಸಿತು. ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡು, ತಮ್ಮ ಕಲಿಸಿದಂತೆ ಸಾಧನಗಳ ಕಡತ ತೆರೆದಳು. "ಯಂತ್ರ ತಿಳ್ಕೊಳ್ಳೋಕೆ ಕಣ್ಣು ಬೇಡ ಅಕ್ಕ," ಎನ್ನುತ್ತಿದ್ದ ಅವನು. "ಗಣಕಕ್ಕೆ ಏನೇ ಚುಚ್ಚು, ಅದರ ಗುರುತೆಲ್ಲ ಕಡತಗಳಲ್ಲಿ ಬಿಚ್ಚಿಟ್ಟಿರುತ್ತೆ. ಪುಸ್ತಕ ಓದಿದ ಹಾಗೆ ಓದ್ಕೊಂಡು ಹೋಗು."

ದನಿ ಓದಿತು: ತಯಾರಕರ ಸಂಖ್ಯೆ, ಯಂತ್ರದ ಮಾದರಿ, ಕ್ರಮಸಂಖ್ಯೆ, ವೇಗ. ಒಂದೂ ತಪ್ಪಿರಲಿಲ್ಲ. "ಜಾತಕವನ್ನೆಲ್ಲ ಒಪ್ಪಿಸ್ತೀಯ, ಸಿಗಲಿಲ್ಲ ಅಂತ ಬೇರೆ ಹೇಳ್ತೀಯ!" ಎಂದು ಗೊಣಗಿ, ಯಂತ್ರಕ್ಕೆ ಅಕ್ಷರಗಳನ್ನು ಕಳಿಸುವ ಕಡತದ ಬಳಿ ಬಂದಳು. ಅದರ ಒಡೆಯ, ಗಣಕದ ಮುಖ್ಯ ಖಾತೆ. ಉಳಿದವರಿಗೆ ಅಲ್ಲಿ ಪ್ರವೇಶವಿಲ್ಲ. ಮನೆಯ ವಿಳಾಸ ಎಲ್ಲರಿಗೂ ಗೊತ್ತು, ಬೀಗದ ಕೈ ಮಾತ್ರ ಒಬ್ಬನ ಬಳಿ.

"ಮೇನೇಜರೇ, ಮೊನ್ನೆವರೆಗೆ ಸರಿಯಾಗಿತ್ತು. ನಿನ್ನೆ ಇದರಲ್ಲಿ ಏನು ಮಾಡಿದ್ರಿ?" ಎಂದು ಅಕ್ಕ ಕೂಗಿದಳು.

ಮೇನೇಜರು ಪಕ್ಕದ ಕೋಣೆಯಿಂದ ಎದ್ದು ಬಂದರು. "ನಾನೇನು ಮಾಡ್ಲಿ ಅಕ್ಕ? ಕೆಲಸದಲ್ಲಿ ಇಲ್ಲದವರ ಖಾತೆ ತೆಗೆದುಹಾಕಿ ಅಂತ ಮೇಲಿನಿಂದ ಬಂತು. ನಿಮ್ಮ ತಮ್ಮನ ಖಾತೆ ತೆಗೆದುಹಾಕಿದೆ. ನಿಮಗೆ ಹೊಸದು ಮಾಡ್ಕೊಟ್ಟೆನಲ್ಲ."

ಇಷ್ಟು ವರ್ಷ ಅಕ್ಕ ಕೆಲಸ ಮಾಡಿದ್ದು ತಮ್ಮನ ಖಾತೆಯಿಂದಲೇ. ನನಗೊಂದು ಬೇರೆ ಮಾಡಿಕೊಡೋ ಎಂದು ಕೇಳಿದಾಗಲೆಲ್ಲ ಅವನದು ಒಂದೇ ಉತ್ತರ: "ನಾಳೆ ಅಕ್ಕ."

ಅವಳು ನಿಯಮಗಳ ಕಡತ ತೆರೆದಳು. ಯಾವ ಯಂತ್ರ ಯಾರ ಕೈಗೆ ಎಂದು ತಮ್ಮ ಬರೆದಿಟ್ಟ ಕಡತ ಅದು. ದನಿ ಏರಿಳಿತವಿಲ್ಲದೆ ಓದಿತು: ಈ ಕ್ರಮಸಂಖ್ಯೆಯ ಯಂತ್ರ ಬಂದರೆ ಒಡೆಯ... ಮುಂದೆ ತಮ್ಮನ ಹೆಸರು. ಆ ಹೆಸರಿನವನು ನಿನ್ನೆಯಿಂದ ಗಣಕದಲ್ಲಿ ಇರಲಿಲ್ಲ. ಒಡೆಯ ಸಿಗದ ಯಂತ್ರವನ್ನು ಅದು ಮುಖ್ಯ ಖಾತೆಗೆ ಒಪ್ಪಿಸಿಬಿಟ್ಟಿತ್ತು.

ಆ ಸಾಲಿನ ಮೇಲೆ, ಓದುವ ಮನುಷ್ಯರಿಗೆಂದು ಒಂದು ಟಿಪ್ಪಣಿ ಇತ್ತು: "ಅಕ್ಕನಿಗೆ ಖಾತೆ ಆದ ಮೇಲೆ ಇಲ್ಲಿ ಹೆಸರು ಬದಲಿಸಬೇಕು. ನಾಳೆ." ಕೆಳಗೆ ತಾರೀಖು. ನಾಲ್ಕು ವರ್ಷ ಹಿಂದಿನದು.

ಅಕ್ಕನ ಕೈ ಕೀಲಿಗಳ ಮೇಲೆ ನಿಂತುಹೋಯಿತು.

"ಅಳ್ತಿದೀರಾ?" ಎಂದರು ಮೇನೇಜರು.

"ಇಲ್ಲ, ಬೈತಿದೀನಿ. ಸೋಮಾರಿ! ಊಟಕ್ಕೆ ಕರೆದ್ರೂ ಹೀಗೇ ಮಾಡ್ತಿದ್ದ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಮುಖ್ಯ ಖಾತೆಯ ಗುಟ್ಟುಪದ ಹಾಕಿ. ಇದನ್ನ ಬದಲಾಯಿಸಬೇಕು."

"ಮೇಲಿನವರನ್ನ ಕೇಳದೆ ಬದಲಾಯಿಸಿದ್ರೆ ನನ್ನ ಕುತ್ತಿಗೆಗೆ ಬರುತ್ತೆ ಅಕ್ಕ."

"ಮೂರು ಗಂಟೆ ಆಯ್ತು. ಆ ಏಳು ಮಕ್ಕಳ ಕುತ್ತಿಗೆಗೆ ಬಂದ್ರೆ ಯಾರು ಕೇಳ್ತಾರೆ?"

ಮೇನೇಜರು ಬಗ್ಗಿ ಗುಟ್ಟುಪದ ಒತ್ತಿದರು.

ಅಕ್ಕ ತಮ್ಮನ ಹೆಸರನ್ನು ಹಿಂದಿನಿಂದ ಅಳಿಸುತ್ತ ಬಂದಳು. ಒಂದೊಂದು ಅಕ್ಷರ ಹೋದಾಗಲೂ ದನಿ ಅದನ್ನು ಗಟ್ಟಿಯಾಗಿ ಹೇಳುತ್ತಿತ್ತು. ಕೊನೆಯದಕ್ಕೆ ಬೆರಳು ತುಸು ತಡೆಯಿತು; ಅದೂ ಹೋಯಿತು. ಅಲ್ಲಿ ತನ್ನ ಹೆಸರು ಬರೆದಳು. ಕೇಬಲ್ ಕಿತ್ತು ಮತ್ತೆ ಚುಚ್ಚಿದಳು, ನಾಲ್ಕನೆಯ ಸಲ.

ಯಂತ್ರ ಒಮ್ಮೆ ಗುರ್ ಎಂದು, ಟಕಟಕ ಚುಕ್ಕೆ ಒತ್ತತೊಡಗಿತು.

"ಅಬ್ಬ!" ಎಂದರು ಮೇನೇಜರು. "ಆ ಟಿಪ್ಪಣಿನೂ ಅಳಿಸಿಬಿಡಿ. ಹೆಸರು ಬದಲಾಯಿಸಿ ಆಯ್ತಲ್ಲ, ಇನ್ನೇಕೆ?"

"ಇರ್ಲಿ ಬಿಡಿ. ಯಂತ್ರ ಅದನ್ನ ಓದೋದಿಲ್ಲ."

ಹಾಳೆಗಳು ಒಂದರ ಮೇಲೊಂದು ತಟ್ಟೆಗೆ ಬೀಳುತ್ತಿದ್ದವು. ಅಕ್ಕ ಎಡಗೈಯನ್ನು ನಡುಗುವ ಯಂತ್ರದ ಬೆನ್ನಿನ ಮೇಲಿಟ್ಟುಕೊಂಡು, ಬಲಗೈಯ ಬೆರಳಿನಿಂದ ಮೊದಲ ಪ್ರಶ್ನೆ ಓದಿದಳು. ಚುಕ್ಕೆಗಳು ಸರಿಯಾಗಿಯೇ ಇದ್ದವು. ಮತ್ತೆ ಮೊದಲಿನಿಂದ ಓದಿದಳು.