ಶೈಲಜಮ್ಮನವರ ಗುಂಡಿನ ಸರ

ಗಿರಿಜಾಂಬಾ ಪೆಟ್ಟಿಗೆಯ ತಳದಲ್ಲಿದ್ದ ಕೊನೆಯ ಸೀರೆಯನ್ನೂ ಕೊಡವಿ ಮಂಚದ ಮೇಲೆ ಹಾಕಿದರು. ಮಡಿಕೆಯಿಂದ ಎರಡು ಲವಂಗ ಉದುರಿದವು, ಅಷ್ಟೇ.

"ಇಲ್ಲ ಕಣೋ ಪರಮಶಿವು. ಡಬ್ಬಿ ಇದೆ, ಡಬ್ಬೀಲಿ ಹತ್ತಿ ಇದೆ. ಸರ ಇಲ್ಲ."

ಹಜಾರದಲ್ಲಿ ಕಂಬಕ್ಕೊರಗಿ ಕೂತಿದ್ದ ಪರಮಶಿವಯ್ಯನವರು ಅಕ್ಕನ ಕಡೆ ತಿರುಗಲಿಲ್ಲ. "ಸರದ ವಿಚಾರ ಎಲ್ಲ ಅವಳದೇ ಅಕ್ಕ. ನಾನು ಯಾವತ್ತೂ ಕೇಳಿದವನಲ್ಲ," ಎಂದರು. ಮಾಮೂಲ್‌ಪೇಟೆಯಲ್ಲಿ ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದ ಮನುಷ್ಯ. ಹೆಂಡತಿ ಹೋದ ದಿನ ಇಷ್ಟು ಮಾತಾಡಿದ್ದೇ ಹೆಚ್ಚು.

ಅವರ ಎದುರಿಗೇ ಶೈಲಜಮ್ಮನವರು ಕೂತಿದ್ದರು. ಬೆಳಗಿನ ಜಾವ ಎದೆನೋವು ಎಂದವರು ಡಾಕ್ಟರು ಬರುವಷ್ಟರಲ್ಲಿ ಮುಗಿದಿದ್ದರು. ಲಿಂಗಾಯತರ ಪದ್ಧತಿಯಂತೆ ಮೈ ತೊಳೆದು, ಹಸಿರು ಸೀರೆ ಉಡಿಸಿ, ಹಣೆಗೆ ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂರಿಸಿದ್ದಾಗಿತ್ತು. ಇನ್ನು ಒಡವೆ ಹಾಕಿ ಫೋಟೋ ತೆಗೆಸಬೇಕು, ರುದ್ರಭೂಮಿಗೆ ಹೊರಡುವ ಮೊದಲು ಬಿಚ್ಚಿಕೊಳ್ಳಬೇಕು. ಮುತ್ತೈದೆಯಾಗಿ ಹೋದವರ ಕೊರಳು ಬರಿದಾಗಿರಬಾರದು. ಅದರಲ್ಲೂ ಬಸವನಗುಡಿಯ ಅರ್ಧ ಜನ ಕಂಡಿದ್ದ ಗುಂಡಿನ ಸರ ಇರುವ ಮನೆಯಲ್ಲಿ.

ಅತ್ತೆಯ ಜಡೆಗೆ ಹೂ ಮುಡಿಸುತ್ತಿದ್ದ ರುದ್ರಾಣಿ ತಲೆ ಎತ್ತಲಿಲ್ಲ. ಅವಳು ಈ ಮನೆಗೆ ಸೊಸೆಯಾಗಿ ಬಂದು ಹನ್ನೊಂದು ತಿಂಗಳಾಗಿತ್ತು.

"ರುದ್ರಾಣಿ, ನಿನಗೆ ಗೊತ್ತಿರಬೇಕಲ್ಲ?" ಗಿರಿಜಾಂಬಾ ಕೇಳಿದರು.

"ಗೊತ್ತು ದೊಡ್ಡತ್ತೆ."

"ಎಲ್ಲಿದೆ?"

"ಆಮೇಲೆ ಹೇಳ್ತೀನಿ."

ಹಜಾರದ ಹೆಂಗಸರೆಲ್ಲ ಅವಳತ್ತ ತಿರುಗಿದರು. ಮೂಲೆಯಲ್ಲಿ ಕಪ್ಪು ಬಟ್ಟೆ ಹೊದಿಸಿದ ಕ್ಯಾಮೆರಾ ನಿಲ್ಲಿಸಿಕೊಂಡಿದ್ದ ಫೋಟೋದವನು ಕೂಡ ಕಿವಿಗೊಟ್ಟ. ಸಾವಿನ ಮನೆಯಲ್ಲಿ ಚಿನ್ನದ ಮಾತು ಬಂದರೆ ಅಳುವವರೂ ಅಳು ನಿಲ್ಲಿಸುತ್ತಾರೆ.

*

ಶೈಲಜಮ್ಮನವರ ಮದುವೆಗೆ ಮುಂಚೆ ಅವರ ಅಪ್ಪ ಅಕ್ಕಸಾಲಿಗನನ್ನು ಮನೆಗೇ ಕರೆಸಿದ್ದರು. ಒಂದು ತಟ್ಟೆಯಲ್ಲಿ ಕಾಸಿನ ಸರ, ಇನ್ನೊಂದರಲ್ಲಿ ಗುಂಡಿನ ಸರ. ಮನೆಯವರೆಲ್ಲ ಕಾಸಿನ ಸರವನ್ನೇ ಎತ್ತಿ ಎತ್ತಿ ನೋಡಿದರು. ಹದಿನಾಲ್ಕು ವರ್ಷದ ಶೈಲಜೆ ಎರಡನ್ನೂ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು, "ಕಾಸಿಂದು ಸದ್ದು ಮಾಡುತ್ತೆ, ಗುಂಡಿಂದೇ ಇರ್ಲಿ," ಎಂದಳು. ಹುಡುಗಿಗೆ ಬುದ್ಧಿಯಿಲ್ಲ ಎಂದು ಚಿಕ್ಕಮ್ಮಂದಿರು ನಕ್ಕರು.

ಆ ಸರವನ್ನು ಆಕೆ ತಾವು ಹಾಕಿಕೊಂಡದ್ದು ಬೆರಳಲ್ಲಿ ಎಣಿಸುವಷ್ಟು ಸಲ. ಯುದ್ಧದ ವರ್ಷಗಳಲ್ಲಿ ಚಿನ್ನ ಗಗನಕ್ಕೇರಿದಾಗ ಹಿಂದಿನ ಬೀದಿಯ ಮೇಷ್ಟ್ರ ಹೆಂಡತಿ ಮಗಳ ಧಾರೆಗೆಂದು ಒಂದು ದಿನದ ಮಟ್ಟಿಗೆ ಕೇಳಿದರು. ಕೊಟ್ಟರು. ಆಮೇಲೆ ಅದು ಬೀದಿಯ ಸರವಾಯಿತು. ಯಾರು ಕೇಳಿದರೂ ಒಂದೇ ಪಾಠ. "ಗುಂಡು ಒಳಗೆ ಟೊಳ್ಳು, ಅರಗು ತುಂಬಿದೆ. ಬಿಸಿನೀರು ತಾಗಿಸ್ಬೇಡಿ. ಹಾಕ್ಕೊಂಡು ಮಲಗ್ಬೇಡಿ, ನೆಗ್ಗುತ್ತೆ. ಇನ್ನೊಂದು ಸರದ ಜೊತೆ ಹಾಕ್ಬೇಡಿ, ಉಜ್ಜುತ್ತೆ." ವಾಪಸು ಬಂದ ಮೇಲೆ ಅಂಟವಾಳದ ನೊರೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದೊಂದೇ ಗುಂಡು ಒರೆಸುವರು. ದಾರ ಮಾಸಿದರೆ ಪೇಟೆಯಲ್ಲಿ ಸರ ಪೋಣಿಸುವವನ ಎದುರಿಗೆ ಕೂತು, ಹೊಸ ರೇಷ್ಮೆ ದಾರಕ್ಕೆ ಗುಂಡುಗಳು ಏರುವವರೆಗೂ ಏಳುತ್ತಿರಲಿಲ್ಲ.

ಯಾರಿಗೆ ಕೊಟ್ಟೆ ಎಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ. "ಎರವಲು ಅಂತ ಗೊತ್ತಾದ್ರೆ ಆ ಹುಡುಗಿ ಅತ್ತೆಮನೇಲಿ ಹೇಗೆ ತಲೆ ಎತ್ತುತ್ತೆ?" ಎನ್ನುವರು.

*

"ನಿನ್ನ ಟ್ರಂಕಿನ ಬೀಗದಕೈ ಕೊಡು," ಎಂದರು ಗಿರಿಜಾಂಬಾ.

ರುದ್ರಾಣಿ ಸೊಂಟದಿಂದ ಬಿಚ್ಚಿ ಕೊಟ್ಟಳು. ಅವಳ ತವರಿನ ಸೀರೆಗಳು, ಒಳ ಬಟ್ಟೆಗಳು, ತಾಯಿಯ ಕಾಗದಗಳು ಒಂದೊಂದಾಗಿ ಎಲ್ಲರ ಎದುರಿಗೆ ಹೊರಬಂದವು. ಗಂಡ ವೃಷಭೇಂದ್ರಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಹತ್ತಿರ ಬಂದ.

"ಹೇಳ್ಬಿಡೆ. ಯಾಕೆ ಸುಮ್ನೆ ಮಾತು ಕೇಳ್ತೀಯ?"

"ಹನ್ನೊಂದೂವರೆಗೆ ಹೇಳ್ತೀನಿ."

"ಅದೇನು ಹನ್ನೊಂದೂವರೆ?"

ರುದ್ರಾಣಿ ಕತ್ತೆತ್ತಿ ನೋಡಿದಳು. ಗೋಡೆ ಗಡಿಯಾರದಲ್ಲಿ ಹತ್ತೂಮುಕ್ಕಾಲು.

"ಮಾವನ ಮನೆ ಅನ್ನ ಮೈಗೆ ಹತ್ತೋ ಮುಂಚೆನೇ ಸರ ತವರಿಗೆ ದಾರಿ ಹಿಡಿದಿದೆ," ಎಂದು ಗಿರಿಜಾಂಬಾ ಎಲ್ಲರಿಗೂ ಕೇಳಿಸುವಂತೆ ಹೇಳಿದರು. "ನಮ್ಮ ಶೈಲಜಾ ಒಂದು ಗುಂಡು ನೆಗ್ಗದ ಹಾಗೆ ಇಟ್ಟಿದ್ಲು. ಈಗ ನೋಡಿ, ಬರೀ ಕೊರಳಲ್ಲಿ ಕೂತಿದ್ದಾಳೆ."

ಕೊನೆಯ ಮಾತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಗಿರಿಜಾಂಬಾ ಕೆಟ್ಟವರೇನಲ್ಲ. ನಾದಿನಿಯನ್ನು ಸಿಂಗರಿಸಿ ಕಳಿಸಬೇಕೆಂಬ ಆಸೆ ನಿಜವಾದದ್ದೇ.

*

ಹಿಂದಿನ ದಿನ ಸಂಜೆ ಪಿಳ್ಳಮ್ಮ ಹಿತ್ತಿಲ ಬಾಗಿಲಿಗೆ ಬಂದಿದ್ದರು. ಗಾಂಧಿ ಬಜಾರಿನಲ್ಲಿ ಹೂ ಮಾರುವ ಹೆಂಗಸು. ಮಗಳು ಲಕ್ಷ್ಮೀದೇವಿಗೆ ವಿಶ್ವೇಶ್ವರಪುರದ ಛತ್ರದಲ್ಲಿ ಮಾರನೆಯ ದಿನ ಮದುವೆ, ಹನ್ನೊಂದು ಇಪ್ಪತ್ತರೊಳಗೆ ಮುಹೂರ್ತ. ಆ ಹುಡುಗಿಗೆ ಹೋದ ವರ್ಷ ನಿಶ್ಚಯವಾಗಿದ್ದ ಸಂಬಂಧ ಮುರಿದಿತ್ತು. ನಿಶ್ಚಿತಾರ್ಥದ ವಾರದಲ್ಲೇ ಗಂಡಿನ ತಾತ ಸತ್ತರೆಂದು, ಹೆಣ್ಣಿನ ಕಾಲ್ಗುಣ ಸರಿಯಿಲ್ಲವೆಂದು ಗಂಡಿನವರು ತಾಂಬೂಲದ ತಟ್ಟೆ ವಾಪಸು ಕಳಿಸಿದ್ದರು.

ಪಿಳ್ಳಮ್ಮ ಸರ ತೆಗೆದುಕೊಂಡು ಹೋದ ಮೇಲೆ ಶೈಲಜಮ್ಮನವರು ಸೊಸೆಗೆ ಹೇಳಿದರು, "ಇದು ನಿನಗೆ, ನನಗೆ, ಅವಳಿಗೆ ಬಿಟ್ಟು ಯಾರಿಗೂ ಗೊತ್ತಾಗ್ಬಾರ್ದು. ಧಾರೆ ಆಗ್ಲಿ, ಆಮೇಲೆ ದೇವರಿದಾನೆ."

ಲಿಂಗಾಯತರಿಗೆ ಸಾವಿನ ಸೂತಕವಿಲ್ಲ. ಪಿಳ್ಳಮ್ಮನ ಕಡೆಯವರಿಗೆ ಇದೆ, ಅದೂ ಬಲವಾಗಿಯೇ. ಹಸೆಮಣೆಯ ಮೇಲಿರುವ ಹುಡುಗಿಯ ಕೊರಳಲ್ಲಿ ಆ ಬೆಳಿಗ್ಗೆ ಸತ್ತವರ ಸರವಿದೆ ಎಂದು ಗಂಡಿನವರಿಗೆ ತಿಳಿದರೆ ಅವಳ ಕಥೆ ಮುಗಿದಂತೆಯೇ.

*

ಗಡಿಯಾರ ಹನ್ನೊಂದೂವರೆಗೆ ಒಂದು ಏಟು ಹೊಡೆಯಿತು. ರುದ್ರಾಣಿ ಎದ್ದು ನಿಂತಳು.

"ಪಿಳ್ಳಮ್ಮನವರ ಮಗಳ ಕೊರಳಲ್ಲಿದೆ. ಅತ್ತೆ ನಿನ್ನೆ ಕೊಟ್ರು. ಈಗ ತಾಳಿ ಕಟ್ಟಿ ಆಗಿರುತ್ತೆ."

ಗಿರಿಜಾಂಬಾ ಕೂತಲ್ಲೇ ಅವಳನ್ನು ನೋಡಿದರು. "ಮೊದ್ಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ಯಾರನ್ನಾದ್ರೂ ಕಳಿಸ್ತಿದ್ರಿ."

"ಕಳಿಸ್ತಿದ್ದೆ," ಎಂದು ಗಿರಿಜಾಂಬಾ ಒಪ್ಪಿಕೊಂಡರು. ಸುಳ್ಳು ಹೇಳುವ ಅಭ್ಯಾಸ ಅವರಿಗಿರಲಿಲ್ಲ. "ಪಾಪ, ಅವರಿಗೆ ಶೈಲಜಾ ಹೋದ ಸುದ್ದಿನೇ ಗೊತ್ತಿಲ್ವೇನೋ."

ಫೋಟೋದವನು ಹೊತ್ತಾಯಿತೆಂದು ಕೆಮ್ಮಿದ. ಅಷ್ಟರಲ್ಲಿ ಬೀದಿಯಲ್ಲಿ ಜಟಕಾ ನಿಂತು, ಕೆಂಪು ರೇಷ್ಮೆ ಸೀರೆ ಉಟ್ಟ ಹೆಂಗಸೊಬ್ಬಳು ಇಳಿದಳು. ಪಿಳ್ಳಮ್ಮ. ಕೈಯಲ್ಲಿ ಅರಿಸಿನ ಹಾಗೇ ಇತ್ತು. ಮಗಳ ಮದುವೆಯ ದಿನ ಸಾವಿನ ಮನೆಯ ಹೊಸ್ತಿಲು ದಾಟುವ ತಾಯಿಯನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಹೆಂಗಸರು ತಾವಾಗಿಯೇ ದಾರಿ ಬಿಟ್ಟರು.

"ಯಾರು ಹೇಳಿದ್ರು ನಿಮಗೆ?" ರುದ್ರಾಣಿ ಕೇಳಿದಳು.

"ಬೆಳಿಗ್ಗೆ ಆರಕ್ಕೇ ಗೊತ್ತಾಯ್ತು ಕಣವ್ವ. ಹಾಲಿನೋನು ಹೇಳ್ದ. ನಮ್ಮೋರಿಗೆ ಯಾರಿಗೂ ಹೇಳ್ನಿಲ್ಲ. ಸರ ಕೈಲಿ ಹಿಡ್ಕೊಂಡು ಒಂದು ಗಳಿಗೆ ಕುಂತಿದ್ದೆ. ಆಮೇಲೆ ನಾನೇ ಮಗಿಗೆ ಹಾಕ್ದೆ, ಇನ್ನೂ ಅದ್ರ ಕೊರಳಾಗೇ ಐತೆ. ಈ ತಾಯಿ ಹಾಕು ಅಂತ ಕೊಟ್ಟದ್ದು, ಅದ್ಯಾವ ಕೆಟ್ಟದ್ದು ಬಂದೀತು?"

ಪಿಳ್ಳಮ್ಮ ಬಗ್ಗಿ ಶೈಲಜಮ್ಮನವರ ಪಾದ ಮುಟ್ಟಿ ಅತ್ತರು. ಬಗ್ಗಿದಾಗ ಧಾರೆಮನೆಯಲ್ಲಿ ತಲೆಯ ಮೇಲೆ ಬಿದ್ದಿದ್ದ ಅಕ್ಷತೆ ಕೂದಲಿನಿಂದ ಉದುರಿ, ಸತ್ತವರ ಮಡಿಲಿನ ಹಸಿರು ಸೀರೆಯ ಮೇಲೆ ಚೆಲ್ಲಿತು.

"ಅಕ್ಕಿಕಾಳು ಕೊಡವಿ ತಾಯಿ, ಫೋಟೋ ಪ್ಲೇಟಲ್ಲಿ ಬೀಳುತ್ತೆ," ಎಂದ ಫೋಟೋದವನು.

ಗಿರಿಜಾಂಬಾ ಕೈ ಚಾಚಿದರು. ಮಡಿಲಿನ ಹತ್ತಿರ ಬಂದ ಕೈ ಹಾಗೇ ನಿಂತಿತು, ಆಮೇಲೆ ಹಿಂದಕ್ಕೆ ಬಂತು.

"ಬಾ ರುದ್ರಾಣಿ, ಅತ್ತೆ ಪಕ್ಕ ಕೂತ್ಕೊ," ಎಂದರು. "ಸೆರಗು ತಗಲಿಸ್ಬೇಡ. ಕಾಳು ಕೆಳಗೆ ಬೀಳುತ್ತೆ."