ಮುಚ್ಚಿದ ಬಾಯಿಯ ಹಾಡು

"ಹೆಣ ಒಳಗೆ ಬರಬೋದು. ನಿಮ್ಮಕ್ಕ ಬಾಯಿ ತೆಗೆಯಂಗಿಲ್ಲ," ಎಂದರು ಪಾದ್ರಿ ಗೇಥರ್. "ಸಾರಾಯಿ ಅಂಗಡೀಲಿ ಸೊಂಟ ಕುಣಿಸ್ಕಂಡು ಹಾಡಿದ ಬಾಯಿ ಅದು. ಆ ಬಾಯಿಂದ ಈ ಚರ್ಚಲ್ಲಿ ದೇವರ ಹೆಸರು ಬೀಳಾಕಿಲ್ಲ. ತಿಳೀತೇನಮ್ಮಿ?"

ಲೂಡಿ ಕೈಯಲ್ಲಿದ್ದ ಪೊರಕೆಯನ್ನು ಎದೆಗೊತ್ತಿಕೊಂಡಳು. ನಾಳೆ ಅವ್ವನ ಮಣ್ಣು. ಬೆಳಗ್ಗೆಯೇ ಬಂದು ಚರ್ಚು ಗುಡಿಸಿ, ಬೆಂಚುಗಳನ್ನೆಲ್ಲ ಒರೆಸಿ, ಕೆಲಸದ ಲೆಕ್ಕದಲ್ಲಾದರೂ ಪಾದ್ರಿಯ ಮನಸ್ಸು ಕರಗೀತೇನೋ ಅಂತ ಕಾದಿದ್ದಳು.

"ಅವ್ವನ ಕೊನೇ ಮಾತು ಪಾದ್ರಿಗಳೇ. 'ಒಜೆಲ್ಲಾ ಹಾಡೋಗಂಟ ನನ್ ಮೇಲೆ ಮಣ್ಣು ಹಾಕ್ಬ್ಯಾಡಿ' ಅಂದ್ಲು. ಕೈ ಹಿಡ್ಕಂಡು ಭಾಷೆ ತಗಂಡ್ಲು. ನಾನು ಹೂಂ ಅಂದ್ಬುಟ್ಟಿವ್ನಿ."

"ಹಂಗಾರೆ ನಿಮ್ಮಕ್ಕ ಮುಂದಿನ ಬೆಂಚಲ್ಲಿ ಕುಂತ್ಕಳ್ಳಿ. ಎಲ್ರ ಮುಂದೆ ಎದ್ದು, ನಾನು ಸೈತಾನನ ಹಾಡು ಹಾಡ್ಕಂಡು ಕೆಟ್ಟೋದೋಳು, ತಪ್ಪಾಯ್ತು ಅನ್ಲಿ. ಜನ ಕೈಯೆತ್ತಿ ಒಪ್ಪಿದ್ರೆ ಹಾಡ್ಲಿ."

"ಔಳು ಅನ್ನಾಕಿಲ್ಲ."

"ಗೊತ್ತು. ಅದ್ಕೇ ಹೇಳಿದ್ದು," ಎಂದ ಪಾದ್ರಿ ಟೋಪಿ ಹಾಕಿಕೊಂಡು ಹೊರಟರು.

ಮುಂದಿನ ಬೆಂಚು ಅಂದರೆ ತಪ್ಪಿನ ಬೆಂಚು. ಮಿಸಿಸಿಪ್ಪಿಯ ಆ ಹತ್ತಿಹೊಲಗಳ ನಡುವಿನ ಚರ್ಚಿನಲ್ಲಿ ಕುಡಿದವನು, ಹೆಂಡತಿ ಬಿಟ್ಟವನು, ಗಂಡನಿಲ್ಲದೆ ಬಸುರಾದವಳು, ಎಲ್ಲರೂ ಒಂದಲ್ಲ ಒಂದು ಸಲ ಅಲ್ಲಿ ಕೂತು ಅತ್ತು ಎದ್ದವರೇ. ಇಪ್ಪತ್ತು ವರ್ಷದ ಹಿಂದೆ ಒಜೆಲ್ಲಾಳನ್ನೂ ಕರೆದಿದ್ದರು. ಶನಿವಾರ ಕುಡುಕರ ಗುಡಿಸಲಲ್ಲಿ ಬ್ಲೂಸ್ ಎಂಬ ಕರಿಯರ ನೋವಿನ ಹಾಡು ಹಾಡಿ, ಭಾನುವಾರ ಬಂದು ಚರ್ಚಿನ ಹಾಡೂ ಹಾಡುತ್ತಾಳೆ ಅಂತ. ಅವಳು ಬೆಂಚಿನ ತನಕ ಬಂದಳು, ಕೂರಲಿಲ್ಲ. "ಎಲ್ಡೂ ಕಡೆ ಅಳೋರು ಇವೇ ಜನ ಪಾದ್ರಿಗಳೇ. ನಾನ್ಯಾಕೆ ತಪ್ಪಾಯ್ತು ಅನ್ಲಿ?" ಅಂದಳು. ಆಗ ಕೈಯೆತ್ತಿಸಿದರು, ಹೊರಗೆ ಹಾಕಲು. ಹದಿನಾರರ ಲೂಡಿ ಅತ್ತ ಇತ್ತ ನೋಡಿದಳು. ಪಾದ್ರಿ ಅವಳನ್ನೇ ನೋಡುತ್ತಿದ್ದರು. ಲೂಡಿಯ ಕೈಯೂ ಎದ್ದಿತು. ಇಡೀ ಚರ್ಚಿನಲ್ಲಿ ಅವರ ಅವ್ವ ಟೆಂಪಿ ಒಬ್ಬಳೇ ಎರಡೂ ಕೈಗಳನ್ನು ತೊಡೆಯಡಿಗೆ ತುರುಕಿಕೊಂಡು ಕೂತಿದ್ದಳು.

ಆ ಕೈ ಇವತ್ತಿಗೂ ಲೂಡಿಗೆ ಭಾರ.

*

ಅವ್ವ ಸತ್ತಳೆಂದು ದಣಿಯ ಮನೆಯ ಒಲೆ ಆರುತ್ತದೆಯೇ? ಮಧ್ಯಾಹ್ನ ಲೂಡಿ ಎಂದಿನಂತೆ ಸ್ಟ್ರಾಡರ್ ದಣಿಯ ಅಡಿಗೆಮನೆಯಲ್ಲಿ ಕೋಳಿ ಕರಿಯುತ್ತಿದ್ದಳು. ಹೊಲ ಅವನದು, ಲೂಡಿಯ ಗುಡಿಸಲು ಅವನದು, ಚರ್ಚು ನಿಂತ ನೆಲವೂ ಅವನದು. ಅವನು ಬಾಗಿಲಿಗೊರಗಿ ನಿಂತ.

"ಏ ಹುಡುಗಿ, ನಿನ್ನವ್ವ ಹೋದಳಂತಲ್ಲ. ಒಳ್ಳೆ ಆಳು. ಮೂರು ಜನರ ಹತ್ತಿ ಒಬ್ಬಳೇ ಬಿಡಿಸ್ತಿದ್ದಳು."

ಮೂವತ್ತಾರರ ಹುಡುಗಿ ತಲೆ ಬಗ್ಗಿಸಿ, "ಹೂಂ ಬುದ್ಧಿ," ಎಂದಳು.

"ನಿನ್ನಕ್ಕ ಬರ್ತಾಳೇನು?"

"ದಾರೀಲವ್ಳೆ ಬುದ್ಧಿ."

"ಬರಲಿ. ಅಳಲಿ. ನಾನೇನು ಕಲ್ಲಲ್ಲ." ಅವನು ತಟ್ಟೆಯಿಂದ ಒಂದು ಕೋಳಿಕಾಲು ಎತ್ತಿಕೊಂಡ. "ಆದರೆ ಹೋದ ಏಪ್ರಿಲ್‌ನಲ್ಲಿ ಪೇಟೆಯ ಸಂಗೀತದ ಹಾಲಿನಲ್ಲಿ ಅವಳು ಏನು ಮಾಡಿದಳು ಅಂತ ಜಿಲ್ಲೆಗೆಲ್ಲ ಗೊತ್ತು. ನನ್ನ ಹೆಂಡತಿಯ ತಮ್ಮ ಮುಂದಿನ ಸಾಲಲ್ಲಿ ಕೂತಿದ್ದ. ಆ ಹೆಂಗಸು ನಾಳೆ ನನ್ನ ನೆಲದ ಮೇಲೆ ಬಾಯಿ ತೆಗೆದು ಹಾಡಿದಳೋ, ನಿನ್ನ ಸಾಮಾನು ಬೀದಿಯಲ್ಲಿರ್ತದೆ. ನಿಂತ ಹತ್ತಿ ಬಿಡಿಸೋಕೆ ಬೇರೆಯವರು ಬರ್ತಾರೆ. ಪಾದ್ರಿಗೂ ಹೇಳಿದೀನಿ. ತಿಳಿದ ಮನುಷ್ಯ, ಒಂದೇ ಮಾತಿಗೆ ಅರ್ಥ ಮಾಡಿಕೊಂಡ."

ಓ! ಹಾಗಾದರೆ ಅದು ಸೈತಾನನ ಮಾತಲ್ಲ. ಚರ್ಚಿನ ಮೇಲೆ ಹೊಸದಾಗಿ ಹೊಳೆಯುತ್ತಿದ್ದ ತಗಡು ಲೂಡಿಯ ಕಣ್ಣಮುಂದೆ ಬಂತು. ತಗಡು ಕೊಟ್ಟ ಕೈಯಲ್ಲಿ ಈಗ ಕೋಳಿಕಾಲು ಇತ್ತು.

"ಉಪ್ಪು ಕಮ್ಮಿ," ಎಂದು ದಣಿ ಮೂಳೆಯನ್ನು ತೊಟ್ಟಿಗೆ ಹಾಕಿದ.

*

ಸಂಜೆಯ ಬಿಸಿಲು ಇನ್ನೂ ಇರುವಾಗಲೇ ಒಜೆಲ್ಲಾಳ ಕಾರು ಬಂತು. ಷಿಕಾಗೋದಿಂದ ಎರಡು ದಿನದ ದಾರಿ. ಅವಳಂಥವರಿಗೆ ಮಲಗಲು ಕೋಣೆ ಕೊಡುವವರು ದಾರಿಯಲ್ಲಿ ಯಾರೂ ಇರದ್ದರಿಂದ ಕಾರಲ್ಲೇ ಮುದುರಿ ಮಲಗಿ, ಕಡಲೆಕಾಯಿ ತಿಂದು ಬಂದಿದ್ದಳು. ಕಪ್ಪು ಟೋಪಿ, ಕಪ್ಪು ಕೈಚೀಲ, ಎತ್ತರದ ಹಿಮ್ಮಡಿಯ ಜೋಡು. ಇಳಿದವಳೇ ಒಳಗೆ ಹೋಗಿ, ಹಲಗೆಯ ಮೇಲೆ ಮಲಗಿದ್ದ ಅವ್ವನ ಕೆನ್ನೆಗೆ ಕೆನ್ನೆ ಒತ್ತಿ ಬಹಳ ಹೊತ್ತು ನಿಂತಳು. ಆಮೇಲೆ ಮೂಗು ಸೀಟಿಕೊಂಡು, "ಬಾಚಣಿಗೆ ಎಲ್ಲೇ? ಈ ತಲೇಲಿ ಕಳಿಸ್ತೀಯೇನೇ ಅವ್ವನ್ನ? ಮೇಲಿರೋರು ಕರಡಿ ಬಂತು ಅಂತ ಬಾಗ್ಲು ಹಾಕ್ಕಂಡಾರು," ಎಂದಳು.

ಲೂಡಿಗೆ ನಗು ಬಂತು, ನಕ್ಕಿದ್ದಕ್ಕೆ ಅಳು ಬಂತು.

ಇಬ್ಬರೂ ಕೂತು ಅವ್ವನ ತಲೆ ಬಾಚಿದರು. ಗೋಡೆಯ ಮೇಲೆ ಒಜೆಲ್ಲಾಳ ಮೊದಲ ರೆಕಾರ್ಡು ಮೊಳೆಗೆ ತೂಗುಹಾಕಿತ್ತು. ಅದನ್ನು ಹಾಡಿಸುವ ಯಂತ್ರ ಆ ಮನೆಗೆ ಯಾವತ್ತೂ ಬಂದಿರಲಿಲ್ಲ. ರೆಕಾರ್ಡಿನ ಹೊದಿಕೆಯ ಮೇಲೆ ನಗುವ ಹೆಂಗಸು ಒಜೆಲ್ಲಾ ಅಲ್ಲ, ಯಾರೋ ಬಿಳಿಯ ಹುಡುಗಿ. ಕರಿಯಳ ಮುಖ ಕಂಡರೆ ಅಂಗಡಿಯಲ್ಲಿ ಯಾರೂ ಕೊಳ್ಳುವುದಿಲ್ಲ ಅಂತ ಕಂಪನಿಯವರೇ ಹಾಕಿದ್ದರು.

ಒಜೆಲ್ಲಾ ಎದ್ದು ಹತ್ತಿರ ಹೋಗಿ ನೋಡಿದಳು. "ಇದೇನೇ ಇದು, ಈ ಮೂತಿ ಕರ್ರಗಾಗೈತೆ?"

"ಅವ್ವ ಕಣಕ್ಕ. ಪ್ರತಿ ಭಾನ್ವಾರ ಒಲೆ ಮಸಿ ತಗಂಡು ಬಳೀತಿದ್ಲು. 'ಹಾಡು ನನ್ ಮಗಳದು, ಮೂತಿ ಯಾವ ಬೋಸುಡೀದೋ' ಅಂತ ಬಯ್ಯಾಳು, ಬಳಿಯಾಳು."

ಒಜೆಲ್ಲಾ ನಕ್ಕ ನಗು ಹೊಲದಾಚೆ ಕೇಳಿಸಿರಬೇಕು. ಲೂಡಿ ಬೆಚ್ಚಿ ಬಾಗಿಲು ಎಳೆದಳು. ಅಲ್ಲಿಗೆ ಅಕ್ಕನ ನಗು ನಿಂತಿತು.

"ಯಾಕೇ? ಏನಾಗೈತೆ? ಹೇಳು."

ಲೂಡಿ ಬಾಚಣಿಗೆಯನ್ನೇ ನೋಡುತ್ತಾ ಹೇಳಿದಳು. ಪಾದ್ರಿಯ ಮಾತು, ದಣಿಯ ಮಾತು, ಗುಡಿಸಲು, ಹತ್ತಿ. ಹೇಳುತ್ತಾ ಹೇಳುತ್ತಾ ಅವಳ ದನಿ ಕುಗ್ಗಿ ಕುಗ್ಗಿ ಹೋಯಿತು.

"ಆ ಬಡ್ಡಿಮಗ ದಣಿ ಇನ್ನೂ ಹಗ್ಗದ್ದೇ ಮನಸ್ನಲ್ಲಿ ಮಡಿಕ್ಕಂಡವ್ನೆ," ಎಂದಳು ಒಜೆಲ್ಲಾ. "ಪೇಟೆ ಹಾಲ್ನಾಗೆ ನಟ್ಟನಡೂಕೆ ಹಗ್ಗ ಎಳೆದಿದ್ರು ಕಣೇ. ಮುಂದೆ ಬಿಳೇರು, ಕುರ್ಚಿ. ಹಗ್ಗದ ಹಿಂದೆ ನಮ್ಮೋರು, ನಿಂತ್ಕಂಡು. ನನ್ ವಾದ್ಯದೋರು ನನ್ ಕಾಲೇ ನೋಡ್ತಾ ಕುಂತವ್ರೆ."

ಕಾಲು ಅಂದರೆ ಲೂಡಿಗೆ ಗೊತ್ತು. ಚಿಕ್ಕಂದಿನಲ್ಲಿ ಹತ್ತಿಸಾಲಿನಲ್ಲೂ ಹಾಗೆಯೇ. ಒಜೆಲ್ಲಾ ಬಲಗಾಲಿನ ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಬಡಿಯುವಳು, ಆಮೇಲೆಯೇ ಹಾಡು. ಬಡಿಯದೆ ಅವಳು ಯಾವತ್ತೂ ಹಾಡು ಎತ್ತಿದವಳಲ್ಲ.

"ಹಗ್ಗ ಬಿಚ್ಚೋಗಂಟ ಕಾಲು ಬಡಿಯಾಕಿಲ್ಲ ಅಂದೆ. ಪೋಲೀಸ್ನೋನು ಬಂದು ಕೂದ್ಲು ಹಿಡಿದ. ಮೂರ್ ದಿನ ಒಳಗೆ ಹಾಕಿದ್ರು. ಈ ಸೀಮೇಲಿ ಒಂದು ಹಾಲ್ನೋರೂ ಈಗ ಕರೆಯಾಕಿಲ್ಲ. ಷಿಕಾಗೋದ ಕಂಪ್ನಿಯೋರು, 'ನಿನ್ನ ಬಾಯಿಗಿಂತ ನಿನ್ನ ಹಟ ದೊಡ್ಡದಮ್ಮಾ' ಅಂತ ಕೈ ಮುಗಿದ್ರು. ಹೋಗ್ಲಿ ಅಂದೆ. ಇಪ್ಪತ್ತು ವರ್ಷ ಹಾಡಿವ್ನಿ ಲೂಡಿ. ಒಬ್ಬ ಮುಂಡೇಮಗನ ಮಾತಿಗೂ ಬಾಯಿ ಮುಚ್ಚಿದೋಳಲ್ಲ. ನಮ್ಮವ್ವನ ಗುಂಡಿ ಮುಂದೆ ಮುಚ್ಲಾ?"

"ಅಕ್ಕಾ," ಎಂದಳು ಲೂಡಿ. "ನೀನು ಕಾರು ಹತ್ತಿ ಹೊಂಟೋಯ್ತೀಯೆ. ನಂಗೆ ಕಾರಿಲ್ಲ."

ಗೋಡೆಗೆ ಕುಟ್ಟಿದ ಹಳೆಯ ಪೇಪರು ಗಾಳಿಗೆ ಪಟಪಟ ಅಂದಿತು.

"ನಾನು ಎಲ್ಲೋಗ್ಲಿ? ಯಾವ ದಣಿ ಸೇರಿಸ್ಕತ್ತಾನೆ ನನ್ನ? ನಿನ್ ಕಾಲಿಗೆ ಬೀಳ್ತೀನಿ ಕಣಕ್ಕ. ಹಾಡ್ಬ್ಯಾಡ."

ತಂಗಿ ಅಂದು ಎತ್ತಿದ ಕೈಯ ವಿಷಯ ಒಜೆಲ್ಲಾ ಒಂದು ದಿನವೂ ಆಡಿರಲಿಲ್ಲ, ಇವತ್ತೂ ಆಡಲಿಲ್ಲ. ಅವ್ವನ ಜಡೆಯ ತುದಿಗೆ ದಾರ ಸುತ್ತಿ ಗಂಟು ಹಾಕಿದಳು.

"ಸರಿ ಬುಡು," ಎಂದಳು. "ಪೋಲೀಸ್ನೋರ ಕೈಲಿ ಆಗದ್ದು ನಿನ್ ಕೈಲಾಯ್ತು."

*

ಮರುದಿನ ಭಾನುವಾರ, ಉರಿಬಿಸಿಲು. ಚರ್ಚಿನ ಹಿಂದಿನ ಮಣ್ಣಿನ ನೆಲ, ಅದಕ್ಕೆ ಹತ್ತಿಕೊಂಡೇ ಹತ್ತಿಹೊಲ, ಹೊಲದ ಆ ತುದಿಗೆ ಲೂಡಿಯ ಗುಡಿಸಲು. ರಸ್ತೆಯಲ್ಲಿ ಮೇಸ್ತ್ರಿ ಪಿಟ್‌ಮನ್‌ನ ಲಾರಿ ನಿಂತಿತ್ತು. ಬಿಳಿಯ, ಕೆಂಪು ಕತ್ತಿನವನು, ಮೂವತ್ತು ವರ್ಷದಿಂದ ದಣಿಯ ಹೊಲ ಕಾಯುವವನು. ಮೊದಲು ಕುದುರೆಯ ಮೇಲೆ ಬರುತ್ತಿದ್ದ, ಈಗ ಲಾರಿ.

ಪಾದ್ರಿ ಪ್ರಾರ್ಥನೆಯನ್ನು ಓಡಿಸಿದರು. ನಾಲ್ಕು ಗಂಡಸರು ಹಗ್ಗ ಬಿಟ್ಟು ಪೆಟ್ಟಿಗೆ ಇಳಿಸಿದರು. "ಹಾಕ್ರಪ್ಪ ಮಣ್ಣು," ಎಂದರು ಪಾದ್ರಿ, ರಸ್ತೆಯ ಕಡೆ ಕಣ್ಣು ಹಾಯಿಸಿ.

ಸನಿಕೆ ಹಿಡಿದಿದ್ದವನು ಜೂಬಲ್ ಮಾವ, ಅವ್ವನ ತಮ್ಮ. ಅವ್ವನ ಆಸೆ ಅವನಿಗೂ ಗೊತ್ತಿತ್ತು. ಸನಿಕೆ ಊರಿ ಒಜೆಲ್ಲಾಳ ಮುಖ ನೋಡಿದ. ಎಲ್ಲರೂ ನೋಡಿದರು. ಎತ್ತರದ ಜೋಡು ಹಸಿಮಣ್ಣಿನಲ್ಲಿ ಹುಗಿದು, ಅವಳು ಕಂಬದ ಹಾಗೆ ನಿಂತಿದ್ದಳು. ಕಣ್ಣೀರು ಗದ್ದದವರೆಗೆ ಇಳಿಯುತ್ತಿತ್ತು, ತುಟಿ ಮಾತ್ರ ಹೊಲಿದ ಹಾಗೆ. ಅವಳ ಕಣ್ಣು ಹೊಲದಾಚೆಯ ಗುಡಿಸಲಿನ ಮೇಲಿತ್ತು.

ಲೂಡಿಗೆ ಹೊಳೆಯಿತು. ಪೇಟೆಯ ಹಾಲಿನಲ್ಲಿ ಎಳೆದ ಹಗ್ಗಕ್ಕೆ ಅಕ್ಕ ಬಗ್ಗಲಿಲ್ಲ. ಈ ಹಗ್ಗಕ್ಕೆ ಬಗ್ಗಿದ್ದಾಳೆ. ಈ ಹಗ್ಗ ನಾನೇ.

"ಹಾಕೋ ಜೂಬಲ್," ಎಂದರು ಪಾದ್ರಿ ಮತ್ತೆ.

ಮೊದಲ ಹೆಂಟೆ ಪೆಟ್ಟಿಗೆಯ ಮೇಲೆ ಡಬ್ಬೆಂದಿತು. ಅವ್ವನಿಗೆ ಕೊಟ್ಟ ಭಾಷೆಯ ಮೇಲೆ ಬಿದ್ದ ಹಾಗಾಯಿತು. ಏನು ಮಾಡಲೂ ತೋಚದೆ, ಲೂಡಿ ಹತ್ತಿಸಾಲಿನಲ್ಲಿ ಅವ್ವ ಹೇಳಿಕೊಟ್ಟದ್ದನ್ನು ಮಾಡಿದಳು.

ಮೇಸ್ತ್ರಿಯ ಮೇಲೆ ಹಾಡು ಕಟ್ಟಿ ಹಾಡುತ್ತಾ ಹತ್ತಿ ಬಿಡಿಸುತ್ತಿದ್ದ ಕಾಲವದು. ಸಾಲಿನ ತುದಿಗೆ ಕುದುರೆಯ ಕಿವಿ ಕಂಡಿತೋ, ಎಲ್ಲರ ತುಟಿಯೂ ಮುಚ್ಚುತ್ತಿತ್ತು. ಹಾಡು ನಿಲ್ಲುತ್ತಿರಲಿಲ್ಲ. ಮಾತು ಉದುರಿ ಬರೀ ನರಳು ಮೂಗಿನಲ್ಲಿ, ಎದೆಯಲ್ಲಿ ನಡೆಯುತ್ತಲೇ ಇರುತ್ತಿತ್ತು. "ಮುಚ್ಚಿದ ಬಾಯಿ ಹಾಡಿಗೆ ಒಡೇರಿಲ್ಲ ಮಕ್ಳಾ," ಅನ್ನುತ್ತಿದ್ದಳು ಅವ್ವ. "ಯಾರ್ದು ಅಂತ ಹಿಡೀತಾನೆ ಸೂಳೇಮಗ?"

ಲೂಡಿಗೆ ಹಾಡು ಬಾರದು. ಅವಳ ನರಳು ಸೊಟ್ಟಗೆ, ಒಡಕಾಗಿ ಎದ್ದಿತು. ಪಾದ್ರಿ ತಿರುಗಿ ನೋಡಿದರು. ಜೂಬಲ್ ಮಾವನ ಸನಿಕೆ ನಿಂತಿತು. ಒಂದು ಗಳಿಗೆ ಬಿಟ್ಟು ಅವನ ದಪ್ಪ ದನಿ ಬಂದು ಸೊಟ್ಟದ್ದನ್ನು ಕೆಳಗಿನಿಂದ ಎತ್ತಿ ಹಿಡಿಯಿತು. ಹಿಂದೆ ನಿಂತ ಮುದುಕಿಯರು ಸೇರಿಕೊಂಡರು. ಇಪ್ಪತ್ತು ವರ್ಷದ ಹಿಂದೆ ಕೈಯೆತ್ತಿದವರೇ ಅವರೆಲ್ಲ. ನಲವತ್ತು ಜನ, ಒಂದು ತುಟಿಯೂ ಬಿರಿಯಲಿಲ್ಲ. ಜೇನುಹುಟ್ಟಿಗೆ ಕಿವಿಕೊಟ್ಟ ಹಾಗೆ ನೆಲವೇ ಗುಂಯ್‌ಗುಟ್ಟಿತು.

ಲಾರಿಯ ಬಾಗಿಲು ಬಡಿಯಿತು. ಪಿಟ್‌ಮನ್ ದಾಪುಗಾಲು ಹಾಕಿಕೊಂಡು ಬಂದ.

"ಯಾರು? ಯಾರೇ ಅದು ಹಾಡ್ತಿರೋದು?"

ಗುಂಯ್‌ಗುಡುವಿಕೆ ನಿಲ್ಲಲಿಲ್ಲ. ಅವನು ಒಂದೊಂದೇ ಮುಖದ ಮುಂದೆ ಬಗ್ಗಿ ನೋಡುತ್ತಾ ನಡೆದ. ಇಲ್ಲಿ ಬಗ್ಗಿದರೆ ಅಲ್ಲಿ ಕೇಳುತ್ತಿತ್ತು, ಅಲ್ಲಿಗೆ ಹೋದರೆ ಬೆನ್ನಹಿಂದೆ. ಕೊನೆಗೆ ಒಜೆಲ್ಲಾಳ ಮುಂದೆ ನಿಂತು, ಬೆರಳಿನಿಂದ ಅವಳ ಗದ್ದ ಎತ್ತಿದ.

"ನೀನೇ ತಾನೇ? ನಿನ್ನದೇ ಕಿತಾಪತಿ."

ಅವಳು ಅವನ ಕಣ್ಣನ್ನೇ ನೋಡಿದಳು. ಬಾಯಿ ಬಿಡಲಿಲ್ಲ.

"ಯಾರೂ ಬಾಯಿ ತೆಗ್ದಿಲ್ಲ ಬುದ್ಧಿ," ಎಂದ ಜೂಬಲ್ ಮಾವ, ಟೋಪಿ ಕೈಯಲ್ಲಿ ಹಿಡಿದು, ಬಲು ವಿನಯದಿಂದ. "ಬೇಕಾರೆ ಒಬ್ಬೊಬ್ರದೂ ನೋಡ್ಕಳಿ. ಗಾಳಿ ಇರಬೋದು."

ಪಿಟ್‌ಮನ್‌ನ ಕತ್ತು ಇನ್ನಷ್ಟು ಕೆಂಪಗಾಯಿತು. ಅವನು ಪಾದ್ರಿಯ ಕಡೆ ನೋಡಿದ. ಪಾದ್ರಿ ತಲೆಯೆತ್ತಿ ಚರ್ಚಿನ ತಗಡು ನೋಡುತ್ತಿದ್ದರು. ಅವನು ಕ್ಯಾಕರಿಸಿ ಗುಂಡಿಯ ಅಂಚಿಗೆ ಉಗಿದು ಲಾರಿಗೆ ಹೋದ.

ಲಾರಿ ದಣಿಯ ಮನೆಯ ದಾರಿ ಹಿಡಿಯಲಿಲ್ಲ. ಹೊಲದ ಬದುವಿಗೆ ತಿರುಗಿ, ಧೂಳೆಬ್ಬಿಸಿಕೊಂಡು ನೇರ ಗುಡಿಸಲಿನ ಮುಂದೆ ನಿಂತಿತು. ಇಲ್ಲಿಂದ ಅವನು ಬೆರಳಷ್ಟು ಕಾಣುತ್ತಿದ್ದ. ಬಾಗಿಲಿಗೆ ಒದ್ದದ್ದು ಕಂಡಿತು, ಸದ್ದು ಆಮೇಲೆ ಬಂತು. ಕುರ್ಚಿ ಬಂದು ಬಿತ್ತು. ಪಾತ್ರೆಗಳು. ಕೊನೆಗೆ ಅವ್ವ ಪ್ರಾಣ ಬಿಟ್ಟ ಹಾಸಿಗೆಯನ್ನು ಎಳೆದು ತಂದು ಅಂಗಳಕ್ಕೆ ಬಿಸಾಡಿದ. ಅದು ಹರಿಯಿತು. ಸಾಲುಗಳಲ್ಲಿ ಉಳಿದ ಚೂರುಪಾರು ಹತ್ತಿಯನ್ನು ವರ್ಷಗಟ್ಟಲೆ ಆಯ್ದು ಅವ್ವ ತುಂಬಿದ್ದ ಹಾಸಿಗೆ. ಬೆಳ್ಳಗೆ ಗಾಳಿಗೆ ಎದ್ದು ದಣಿಯ ಹೊಲದೊಳಕ್ಕೆ ಹಾರತೊಡಗಿತು.

ಒಬ್ಬರೂ ಓಡಲಿಲ್ಲ. ಓಡಿ ಮಾಡುವುದೇನು? ನರಳು ಮಾತ್ರ ನಡೆದೇ ಇತ್ತು.

"ಅಕ್ಕಾ," ಎಂದಳು ಲೂಡಿ.

"ಹೂಂ."

"ಮನೆ ಹೋಯ್ತು."

"ಕಾಣ್ತೈತೆ ಕಣೇ."

"ನಾಳೆ ಎಲ್ಲಿಗೋಗ್ಲಿ ಅಂತ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ ಕಣೇ."

ಲೂಡಿ ತನ್ನ ಲಂಗದ ತುದಿಯಿಂದ ಮುಖ ಒರೆಸಿಕೊಂಡಳು. "ಇನ್ಯಾಕೆ ಬಾಯಿ ಮುಚ್ಕಂಡು ನಿಂತಿದ್ದೀಯೇ, ಮೂದೇವಿ? ಅವ್ವ ಕಾಯ್ತಾವ್ಳೆ."

ಒಜೆಲ್ಲಾ ಬಗ್ಗಿ, ಹುಗಿದಿದ್ದ ಜೋಡನ್ನು ಒಂದೊಂದಾಗಿ ಕಿತ್ತು ಪಕ್ಕಕ್ಕಿಟ್ಟಳು. ಬರಿಗಾಲನ್ನು ಗುಂಡಿಯ ಅಂಚಿನ ಹಸಿಮಣ್ಣಿನ ಮೇಲೆ ಊರಿ, ಬಲಹಿಮ್ಮಡಿ ಎತ್ತಿ ನೆಲಕ್ಕೆ ಒಂದು ಸಲ ಬಡಿದಳು. ಎರಡನೆಯ ಸಲಕ್ಕೆ ಕಾಲೆತ್ತಿದಳು.