ಮೊದಲ ಚಮಚ

ಕಚೇರಿಯ ಚಹಾ ಕೋಣೆಯಲ್ಲಿರುವ ಮೈಕ್ರೊವೇವ್‌ನ ಬಾಗಿಲು ತೆಗೆದರೆ ಮೊದಲು ಮೂಗಿಗೆ ಬಡಿಯುವುದು ಬಂಗುಡೆ ಮೀನು. ಅದರ ಹಿಂದೆ ಯಾರದೋ ಬೆಳ್ಳುಳ್ಳಿ, ಯಾರದೋ ಹಳಸಿದ ಸಾರು. ನಿಂಬೆಸಿಪ್ಪೆ ಹಾಕಿ ಎಷ್ಟು ಸಲ ನೀರು ಕುದಿಸಿದರೂ ತೊಮೊಯೆಗೆ ಆ ವಾಸನೆ ಹೋದಂತೆ ಅನಿಸಿದ್ದಿಲ್ಲ. ಪ್ರತಿ ಫೆಬ್ರವರಿ ಹದಿನಾಲ್ಕಕ್ಕೆ ಅದೇ ಡಬ್ಬಿಯೊಳಗೆ ಹದಿನಾರು ಗಂಡಸರ ಚಾಕೊಲೇಟ್ ಕೇಕ್ ಬೇಯಬೇಕು. ಮೇಲೆ ಗಟ್ಟಿ, ಒಳಗೆ ಹಸಿ. ಚಮಚ ಇಳಿಸಿದರೆ ಕಂದು ಲೋಳೆ ಹರಿಯಬೇಕು. ಹರಿದಾಗ ಗಂಡಸರು ‘ಓಹೋ’ ಅನ್ನಬೇಕು.

ಸಬಾಯೆ ಊರಿನಲ್ಲಿ ಕನ್ನಡಕದ ಕೀಲು ಮಾಡುವ ಸಣ್ಣ ಕಾರ್ಖಾನೆ ಅದು. ಕಚೇರಿಯಲ್ಲಿ ಹೆಂಗಸರು ಮೂವರೇ. ಪ್ರೇಮಿಗಳ ದಿನ ಅಲ್ಲಿ ಹೆಂಗಸರು ಗಂಡಸರಿಗೆ ಚಾಕೊಲೇಟ್ ಕೊಡುವುದು ವಾಡಿಕೆ. ಪ್ರೀತಿಸಿದವನಿಗೆ ಕೊಡುವ ಚಾಕೊಲೇಟ್ ಬೇರೆ, ಕಚೇರಿಯವರಿಗೆ ಕೊಡುವ ಕರ್ತವ್ಯದ ಚಾಕೊಲೇಟ್ ಬೇರೆ. ಉಳಿದ ಕಡೆ ಅಂಗಡಿಯ ಪೊಟ್ಟಣ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ಹಾಗಾಗದಂತೆ ಮಾಡಿದವಳು ತೊಮೊಯೆಯೇ. ಹದಿನೆಂಟು ವರ್ಷದ ಹಿಂದೆ, ಅವಳಿಗೆ ಮೂವತ್ತೊಂದಾಗಿದ್ದಾಗ, “ಅಂಗಡೀದ್ರಲ್ಲಿ ಮನಸ್ಸಿರಲ್ಲ ಬಿಡಿ” ಎಂದು ಅವಳ ಗುಂಪಿನ ಮುಖ್ಯಸ್ಥ ಶಿಗೆತಾ ಗೊಣಗಿದ್ದ. ಪತ್ರಿಕೆಯಲ್ಲಿ ನೋಡಿದ ಕೇಕನ್ನು ತಾನು ಮಾಡುತ್ತೇನೆಂದು ಅವಳೇ ಮುಂದೆ ಬಂದಿದ್ದಳು. ಕರಗಿಸಿದ ಚಾಕೊಲೇಟ್, ಬೆಣ್ಣೆ, ಮೊಟ್ಟೆ, ಸ್ವಲ್ಪ ಹಿಟ್ಟು, ನಡುವೆ ಹೂತಿಟ್ಟ ಒಂದು ಚಾಕೊಲೇಟ್ ತುಂಡು. ಐವತ್ತು ಸೆಕೆಂಡು ಸಾಕು. ಐವತ್ತೈದಾದರೆ ಒಳಗೆಲ್ಲ ಬರೀ ಸ್ಪಂಜು. ಆಗ ಅವಳಿಗೆ ಅದರಲ್ಲಿ ಹೆಮ್ಮೆಯೂ ಇತ್ತು. ಈಗ ಆ ಹೆಮ್ಮೆಯ ನೆನಪೇ ಅವಳಿಗೆ ಬೇಡ.

ಈ ವರ್ಷ, ಹಬ್ಬಕ್ಕೆ ಎರಡು ದಿನ ಮುಂಚಿನ ಬುಧವಾರ, ಮಿನೊರಿ ಚಹಾ ಕೋಣೆಗೆ ಬಂದಳು. ಸೇರಿ ಹನ್ನೊಂದು ತಿಂಗಳಾದ ಹುಡುಗಿ. ಏಪ್ರಿಲ್‌ನಲ್ಲಿ ಅವಳನ್ನು ಉಳಿಸಿಕೊಳ್ಳಬೇಕೋ ಬೇಡವೋ ಎಂದು ಶಿಗೆತಾ ಬರೆದುಕೊಡಬೇಕು. ಈಗ ಅವನು ವಿಭಾಗದ ಮುಖ್ಯಸ್ಥ, ಎಲ್ಲರ ಬಾಯಲ್ಲೂ ‘ಬುಚೊ’. ಮಿನೊರಿ ಎದೆಗೊತ್ತಿಕೊಂಡಿದ್ದು ಹಸಿರು ರಟ್ಟಿನ ಹಸ್ತಾಂತರದ ಪುಸ್ತಕ. ಕಚೇರಿಯ ಹೆಂಗಸರ ಕೆಲಸವೆಲ್ಲ ಅದರಲ್ಲಿದೆ. ಯಾರ ಚಹಾ ಎಷ್ಟು ಕಡು, ಹಿಮ ಬಿದ್ದ ದಿನ ಬಾಗಿಲ ಮುಂದೆ ಯಾವ ಚಾಪೆ, ಎಲ್ಲ. ಹೋಗುವವಳು ಬರುವವಳಿಗೆ ಕೊಟ್ಟು ಹೋಗಬೇಕು.

“ತೊಮೊಯೆ ಸಾನ್, ಒಂದು ಕೇಳ್ಲಾ? ಫೆಬ್ರವರಿ ಪುಟದಲ್ಲಿ ಒಂದು ಅರ್ಥ ಆಗ್ಲಿಲ್ಲ.”

“ಏನದು?”

ಮಿನೊರಿ ಬೆರಳಿಟ್ಟು ಓದಿದಳು. “‘ಶಿಗೆತಾ ಅವರಿಗೆ ಮೊದಲ ಚಮಚವನ್ನು ಹೊಸಬಳು ತಿನ್ನಿಸಬೇಕು.’ ಅವರ ಬಲಗಡೆ ನಿಂತ್ಕೋಬೇಕಾ, ಎಡಗಡೆನಾ? ಬರೆದಿಲ್ಲ. ಮನೇಲಿ ಅಪ್ಪನ್ನ ಕೂರಿಸ್ಕೊಂಡು ಮೊಸರಲ್ಲಿ ಅಭ್ಯಾಸ ಮಾಡ್ದೆ. ಎಡಗಡೆಯಿಂದ ಆದ್ರೆ ಕೈ ನಡುಗುತ್ತೆ.”

ಮೂಲೆಯಲ್ಲಿ ಬಟ್ಟಲು ಎಣಿಸುತ್ತಿದ್ದ ಸಾವಾಕೊ ಗೊಳ್ಳೆಂದಳು. ಅವಳಿ ಮಕ್ಕಳ ತಾಯಿ, ಬಾಯಿ ಜೋರು. “ನಿಮ್ಮಪ್ಪ ಏನಂದ್ರು?”

“ಯಾಕೆ ಅಂತ ಕೇಳಿದ್ರು. ಕೆಲಸ ಅಂದೆ.”

“ಮನೇಲಿ ಎರಡು ಬಾಯಿಗೆ ಉಣಿಸಿ ಬರ್ತೀನಿ, ಇಲ್ಲಿ ಹದಿನಾರು. ಅದ್ರಲ್ಲೊಂದಕ್ಕೆ ಐವತ್ತಾರು ವರ್ಷ, ಇನ್ನೂ ಎದೆಹಾಲು ಬಿಟ್ಟಿಲ್ಲ,” ಎಂದಳು ಸಾವಾಕೊ. ಮಿನೊರಿ ನಗಲಿಲ್ಲ. ಉತ್ತರಕ್ಕಾಗಿ ತೊಮೊಯೆಯ ಮುಖವನ್ನೇ ನೋಡುತ್ತಿದ್ದಳು.

“ಅದನ್ನ ಮಾಡ್ಬೇಕು ಅಂತೇನಿಲ್ಲಮ್ಮ.”

“ಆದ್ರೆ ಬರೆದಿದೆಯಲ್ಲ.”

“ಬರೆದಿದ್ದು ನಾನೇ.”

“ಗೊತ್ತು. ನಿಮ್ಮ ಅಕ್ಷರ ಎಷ್ಟು ಚೆಂದ ಇದೆ.” ಮಿನೊರಿ ತಲೆ ತಗ್ಗಿಸಿದಳು. “ಎಲ್ರೂ ಮಾಡಿದ್ದಾರೆ, ನಾನೊಬ್ಳೇ ಬಿಟ್ರೆ… ಬುಚೊ ಮೊನ್ನೆನೇ ಹೇಳಿದ್ರು, ಈ ವರ್ಷ ನಿನ್ನ ಕೈ ಅಂತ.”

ಬರೆದದ್ದನ್ನು ತೆಗೆಯುವುದಕ್ಕೂ ಒಂದು ಕ್ರಮವಿದೆ. ಸಾಲಿನ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ, ಬರೆದವರು ತಮ್ಮ ಹೆಸರಿನ ಸಣ್ಣ ಮುದ್ರೆ ಒತ್ತಬೇಕು. ಹಾಗೆ ಮಾಡದೆ ಯಾರೂ ಏನನ್ನೂ ಅಳಿಸುವುದಿಲ್ಲ, ಕಾರ್ಖಾನೆಯ ಲೆಕ್ಕದಲ್ಲೂ ಇಲ್ಲ, ಚಹಾದ ಪುಸ್ತಕದಲ್ಲೂ ಇಲ್ಲ. ತೊಮೊಯೆಯ ಮುದ್ರೆ ಹತ್ತು ಹೆಜ್ಜೆ ದೂರದ ಮೇಜಿನ ಖಾನೆಯಲ್ಲಿತ್ತು. ಒತ್ತಿದರೆ ಯಾಕೆಂದು ಕೇಳುತ್ತಾರೆ. ಹೇಳಲು ಹೊರಟರೆ ಅದು ಏನಾಗಿತ್ತೆಂದು ಹೇಳಬೇಕಾಗುತ್ತದೆ.

“ನೋಡೋಣ ಬಿಡು,” ಎಂದಳು. ನೋಡೋಣ ಎಂದದ್ದಕ್ಕೆ ಸಿಂಕಿನ ಮುಂದೆ ನಿಂತು ತನ್ನನ್ನೇ ಉಗಿದುಕೊಂಡಳು.

ಮೊದಲ ವರ್ಷ ಶಿಗೆತಾ ಇನ್ನೂ ಸಣ್ಣ ಗುಂಪಿನ ಮುಖ್ಯಸ್ಥ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಪೆನ್ನು. ಅವಳು ಬಟ್ಟಲು ಇಟ್ಟಾಗ “ಕೈ ಖಾಲಿ ಇಲ್ಲ” ಎಂದು, ಮಕ್ಕಳಿಗೆ ಉಣಿಸುವಾಗ ಹೇಳುತ್ತಾರಲ್ಲ, ಹಾಗೆ “ಆ…” ಎಂದು ಬಾಯಿ ತೆರೆದ. ಅವಳು ತಿನ್ನಿಸಿದಳು. ಹಲ್ಲು ಚಮಚದ ಮೇಲೆ ಮುಚ್ಚಿತು, ಬಿಡಲಿಲ್ಲ. ಅವಳು ಎಳೆದಳು. ಅವನು ಕಣ್ಣಲ್ಲಿ ನಗುತ್ತಾ ಇನ್ನಷ್ಟು ಕಚ್ಚಿ ಹಿಡಿದ. ಸುತ್ತಲಿದ್ದವರು ನಕ್ಕರು, ಅವಳೂ ನಕ್ಕಳು. ಕೊನೆಗೆ ಚಮಚ ಬಂದಾಗ ಅದರ ತುದಿಯಿಂದ ಅವಳ ಹೆಬ್ಬೆರಳಿನವರೆಗೆ ಕಂದು ಜೊಲ್ಲು ಎಳೆಯಾಗಿ ಜೋತುಬಿತ್ತು. ಆ ಎಳೆ ಬೆಚ್ಚಗಿತ್ತು.

ಅಂದು ಸಂಜೆ ಹಸಿರು ಪುಸ್ತಕದಲ್ಲಿ ಆ ಸಾಲು ಬರೆದಳು. ಯಾರೂ ಬರೆಯಲು ಹೇಳಿರಲಿಲ್ಲ. ಬರೆದರೆ ಅದು ಕೆಲಸವಾಗುತ್ತದೆ, ಕೆಲಸದಲ್ಲಿ ನಾಚಿಕೆಪಡುವಂಥದ್ದೇನು ಎಂದು ಅವಳಿಗೆ ಅನಿಸಿತ್ತು. ತನಗಾದದ್ದು ತನಗೊಬ್ಬಳಿಗೇ ಆದದ್ದಲ್ಲ, ಆ ಜಾಗದಲ್ಲಿ ಯಾರಿದ್ದರೂ ಮಾಡಬೇಕಾದದ್ದು ಎಂದಾಗಬೇಕಿತ್ತು. ಆಯಿತು. ಅವಳ ನಂತರ ನಾಲ್ವರು ಹುಡುಗಿಯರು ತಿನ್ನಿಸಿದರು. ಮೂವರು ಕೆಲಸ ಬಿಟ್ಟರು, ಒಬ್ಬಳು ಕಾರಣವನ್ನೂ ಹೇಳಲಿಲ್ಲ. ಉಳಿದವಳು ಸಾವಾಕೊ. ಅವಳು ಅದನ್ನು ನಗೆಚಾಟಿಕೆ ಮಾಡಿಕೊಂಡಿದ್ದಾಳೆ. ನಂತರದ ಆ ಹದಿನೇಳು ವರ್ಷವೂ ತೊಮೊಯೆ ಮೈಕ್ರೊವೇವ್ ಪಕ್ಕದಲ್ಲೇ ನಿಂತಿದ್ದಳು. ಹಾಲ್‌ನಿಂದ “ಆ…” ಕೇಳಿಸುವ ಹೊತ್ತಿಗೆ ನಲ್ಲಿ ತಿರುಗಿಸಿಬಿಡುತ್ತಿದ್ದಳು.

ಶುಕ್ರವಾರ, ಹಿಮ ಕರಗಿಸಲೆಂದೇ ರಸ್ತೆಯಲ್ಲಿ ಹೂತಿಟ್ಟ ನೀರಿನ ಕೊಳವೆಗಳು ತುಕ್ಕಿನ ಕೆಂಪು ನೀರು ಉಗುಳುತ್ತಿದ್ದವು. ತೊಮೊಯೆ ಬೆಳಿಗ್ಗೆ ಐದಕ್ಕೆ ಎದ್ದು ಹಿಟ್ಟು ಕಲಸಿ, ಹದಿನಾರು ಬಟ್ಟಲಿಗೆ ಸುರಿದು ತಂದಿದ್ದಳು. ಕಾರಿನಲ್ಲೆಲ್ಲ ಹಸಿ ಮೊಟ್ಟೆಯ ನಾತ. ಬಿಸಿಯಾಗಿಯೇ ತಿನ್ನಬೇಕಾದ ತಿಂಡಿ, ಆದ್ದರಿಂದ ಒಂದೊಂದೇ ಬೇಯಬೇಕು. ಹೆಂಗಸರಿಗೆ ಆ ದಿನ ಊಟದ ಹೊತ್ತೇ ಇರುವುದಿಲ್ಲ.

“ಇನ್ನೊಂದು ಚಿನ್ ಮಾಡ್ಲಾ?” ಎಂದಳು ಸಾವಾಕೊ. ಈಗಿನ ಯಂತ್ರಗಳು ಚಿನ್ ಎಂದು ಗಂಟೆ ಹೊಡೆಯುವುದಿಲ್ಲ, ಪೀಪೀ ಎನ್ನುತ್ತವೆ. ಆದರೂ ಮೈಕ್ರೊವೇವ್‌ನಲ್ಲಿ ಬೇಯಿಸುವುದೆಂದರೆ ಎಲ್ಲರಿಗೂ ಚಿನ್ ಮಾಡುವುದೇ.

“ಮೊದಲು ಬುಚೊದು ಹೋಗ್ಲಿ. ಇಲ್ದಿದ್ರೆ ಉಳಿದವರು ಮುಟ್ಟಲ್ಲ.”

ಮಿನೊರಿ ಮೂರು ಸಲ ಕೈ ತೊಳೆದಿದ್ದಳು. ಉಗುರು ಚರ್ಮಕ್ಕಂಟುವಂತೆ ಕತ್ತರಿಸಿದ್ದಳು. ತಟ್ಟೆಯ ಮೇಲೆ ಬಟ್ಟಲು, ಎರಡು ಚಮಚ, ಮಡಚಿದ ಬಿಳಿ ಕರವಸ್ತ್ರ. “ಕರವಸ್ತ್ರ ಯಾಕೆ?” ಎಂದು ತೊಮೊಯೆ ಕೇಳಿದಳು.

“ಬಾಯಿ ಒರೆಸೋದಕ್ಕೆ. ಅದೂ ಬರೆದಿರ್ಲಿಲ್ಲ. ಮುಂದೆ ಬರೋರಿಗೆ ಅಂತ ನಾನು ಸೇರಿಸ್ಬೇಕು ಅಂದ್ಕೊಂಡಿದ್ದೀನಿ.”

ತೊಮೊಯೆ ತಟ್ಟೆಯತ್ತ ಕೈ ಚಾಚಿದಳು. ಏನಾದರೂ ಹೇಳುವಷ್ಟರಲ್ಲಿ ಹುಡುಗಿ ಹೊರಟುಹೋಗಿದ್ದಳು.

ಹಾಲ್‌ನಲ್ಲಿ ಕುರ್ಚಿ ಸರಿದವು. ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಆ ಸದ್ದು, “ಆ…” ತೊಮೊಯೆಯ ಕೈ ತಾನಾಗಿ ನಲ್ಲಿ ತಿರುಗಿಸಿತು. ನೀರು ಸುರಿಯಿತು. ಇನ್ನು ನಗು ಕೇಳಬೇಕು. ಕೇಳಲಿಲ್ಲ. ಮತ್ತೆ “ಆ…”, ಈ ಸಲ ಇನ್ನಷ್ಟು ಉದ್ದ. ನಗು ಬರಲೇ ಇಲ್ಲ. ಅವಳು ನಲ್ಲಿ ನಿಲ್ಲಿಸಿ ಹೊರಗೆ ಬಂದಳು.

ಶಿಗೆತಾ ಎರಡೂ ಕೈಗಳನ್ನು ಕುರ್ಚಿಯ ಹಿಂದೆ ಕಟ್ಟಿಕೊಂಡು ಕಣ್ಣು ಮುಚ್ಚಿ ಕೂತಿದ್ದ. ತೆರೆದ ಬಾಯಿ. ನಾಲಿಗೆಯ ಮೇಲೆ ಕಾಫಿಯ ಬೂದು ಲೇಪ, ಒಳಗೆ ಎರಡು ಬೆಳ್ಳಿ ಹಲ್ಲು, ಅವುಗಳ ನಡುವೆ ಊಟದ ಹಸಿರು ಚೂರೊಂದು. ಕಿರುನಾಲಿಗೆ ಒದ್ದೆಯಾಗಿ ಅಲುಗುತ್ತಿತ್ತು. ಮಿನೊರಿ ಅವನ ಬಲಗಡೆಗೆ ನಿಂತಿದ್ದಳು. ಮುಖದಲ್ಲಿ ಕಲಿತುಕೊಂಡು ಬಂದ ನಗು. ಚಮಚ ಅವನ ತುಟಿಯಿಂದ ಗೇಣು ದೂರದಲ್ಲಿ ನಿಂತುಬಿಟ್ಟಿತ್ತು, ಲೋಳೆ ಹನಿಹನಿಯಾಗಿ ಅವಳ ಬಿಳಿ ಕರವಸ್ತ್ರದ ಮೇಲೆ ಬೀಳುತ್ತಿತ್ತು. ಹದಿನೈದು ಗಂಡಸರು ಕಾಯುತ್ತಿದ್ದರು. ಒಬ್ಬ ಫೋನು ಎತ್ತಿ ಹಿಡಿದಿದ್ದ.

ತೊಮೊಯೆ ಹೋಗಿ ಚಮಚ ಹಿಡಿದಳು. ಮಿನೊರಿಯ ಬೆರಳು ಸುಲಭವಾಗಿ ಬಿಡಲಿಲ್ಲ. “ಕೊಡಮ್ಮ,” ಎಂದಾಗ ಬಿಟ್ಟಿತು.

ಶಿಗೆತಾ ಒಂದು ಕಣ್ಣು ತೆರೆದ. “ಇದೇನು ತೊಮೊಯೆ ಸಾನ್, ನೀವಾ? ಬೇಡಪ್ಪ, ಹೊಸ ಕೈ ಬೇಕು ನಂಗೆ.”

ಈಗ ಎಲ್ಲರೂ ನಕ್ಕರು. ಬೇಕಿದ್ದ ನಗು ಕೊನೆಗೂ ಸಿಕ್ಕಿತ್ತು.

“ಹಳೇ ಕೈ, ಬುಚೊ. ಮೊದಲು ತಿನ್ನಿಸಿದ್ದು ನಾನೇ ಅಲ್ವಾ. ಎಲ್ಲಿ, ಆ ಅನ್ನಿ.”

ನಗು ಜೋರಾಯಿತು. ಅವನು ಎಲ್ಲರ ಒತ್ತಾಯಕ್ಕೆ ಸೋತವನಂತೆ ತಲೆ ಆಡಿಸಿ ಮತ್ತೆ ಬಾಯಿ ತೆರೆದ. ತೊಮೊಯೆ ಚಮಚವನ್ನು ಆ ಬಾಯಿಯ ಹತ್ತಿರ ಒಯ್ದಳು, ಅವನ ಉಸಿರಿನ ಬಿಸಿ ಬೆರಳಿಗೆ ತಗುಲುವಷ್ಟು ಹತ್ತಿರ. ಅಲ್ಲಿಂದ ತಿರುಗಿಸಿ ತನ್ನ ಬಾಯಿಗೆ ಇಟ್ಟುಕೊಂಡಳು. ನುಂಗಿದಳು. ಬಟ್ಟಲಿನಿಂದ ಇನ್ನೊಂದು ಚಮಚ ತೆಗೆದಳು, ಅದನ್ನೂ ನುಂಗಿದಳು. ಅಂಟು, ಸಿಹಿ, ಮೊಟ್ಟೆ, ಆ ಎಲ್ಲದರ ಹಿಂದೆ ಬಂಗುಡೆ. ನಿಂತಲ್ಲೇ, ಯಾರ ಮುಖವನ್ನೂ ನೋಡದೆ, ಬಟ್ಟಲಿನ ತಳ ಕೆರೆದು ಮುಗಿಸಿದಳು. ಶಿಗೆತಾನ ಬಾಯಿ ಮೆಲ್ಲಗೆ ಮುಚ್ಚಿತು. ಫೋನು ಹಿಡಿದವನು ಅದನ್ನು ಜೇಬಿಗಿಳಿಸಿದ.

“ಏನ್ರೀ ಇದು? ತಮಾಷೆ ಅಂದ್ರೆ ಗೊತ್ತಾಗಲ್ವಾ ನಿಮ್ಗೆ?”

“ಇನ್ನೊಂದು ಬಟ್ಟಲು ಬರುತ್ತೆ, ಬುಚೊ. ಬಿಸಿ ಇರುತ್ತೆ, ನೋಡ್ಕೊಂಡು ತಿನ್ನಿ.” ತಟ್ಟೆಯಿಂದ ಹೊಸ ಚಮಚ ತೆಗೆದು ಅವನ ಮುಂದಿಟ್ಟಳು. “ಕೈ ಖಾಲಿ ಇದೆಯಲ್ಲ ಈಗ.”

ಚಹಾ ಕೋಣೆಗೆ ಬಂದು ಸಿಂಕಿಗೆ ಬಾಗಿದಳು. ಓಕರಿಕೆ ಬಂತೇ ಹೊರತು ಏನೂ ಹೊರಬರಲಿಲ್ಲ. ಮೂರು ಸಲ ಬಾಯಿ ಮುಕ್ಕಳಿಸಿದಳು, ಹಲ್ಲುಸಂದಿಯ ಅಂಟು ಹೋಗಲಿಲ್ಲ. ಸಾವಾಕೊ ಬಿಸಿ ಚಹಾ ಮುಂದಿಟ್ಟು, ತಾನೇ ಎರಡನೆಯ ಬಟ್ಟಲನ್ನು ಒಳಗಿಟ್ಟಳು. ಐವತ್ತು ಸೆಕೆಂಡಲ್ಲ, ಎರಡು ನಿಮಿಷ ತಿರುಗಿಸಿದಳು. “ಕಲ್ಲಾಗ್ಲಿ. ಸುತ್ತಿಗೆ ತಗೊಂಡು ತಿನ್ಲಿ.”

ಮಿನೊರಿ ಬಾಗಿಲಲ್ಲಿ ನಿಂತಿದ್ದಳು. ಕಲೆಯಾದ ಕರವಸ್ತ್ರ ಮುಷ್ಟಿಯಲ್ಲಿತ್ತು.

“ನಾನು ಸರಿಯಾಗಿ ಮಾಡ್ಲಿಲ್ವಾ?”

“ನೀನು ಮಾಡೋದೇ ಬೇಡವಾಗಿತ್ತು.”

“ಹಾಗಿದ್ರೆ ಬುಧವಾರನೇ ಹೇಳ್ಬಹುದಿತ್ತಲ್ಲ.” ಹುಡುಗಿಯ ದನಿ ಮೊದಲ ಬಾರಿಗೆ ಏರಿತು. “ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ. ಏಪ್ರಿಲ್‌ನಲ್ಲಿ ಬುಚೊ ಏನು ಬರೀತಾರೋ. ಬುಧವಾರನೇ ಹೇಳ್ಬಹುದಿತ್ತು.”

“ಹೌದು. ಅದಕ್ಕೂ ಎಷ್ಟೋ ವರ್ಷ ಮುಂಚೆ ಹೇಳ್ಬಹುದಿತ್ತು.”

ತೊಮೊಯೆ ಮೇಜಿನ ಖಾನೆಯಿಂದ ಮುದ್ರೆ ತಂದಳು. ಹಾಲ್‌ನ ಮಧ್ಯದಿಂದಲೇ ನಡೆದುಹೋಗಿ ಬಂದಳು. ಯಾರೂ ಏನೂ ಕೇಳಲಿಲ್ಲ. ಫೆಬ್ರವರಿ ಪುಟ ತೆರೆದು, ಚೆಂದದ ಆ ಅಕ್ಷರಗಳ ಮೇಲೆ ಒಂದು ಗೆರೆ ಎಳೆದಳು, ಅದರ ಕೆಳಗೆ ಇನ್ನೊಂದು. ತಾರೀಖು ಬರೆದಳು. ಮುದ್ರೆ ಒತ್ತುವಾಗ ಹೆಬ್ಬೆರಳಿನ ಚಾಕೊಲೇಟ್ ಕೂಡ ಕಾಗದಕ್ಕೆ ಅಂಟಿತು.

ಮಿನೊರಿ ಬಗ್ಗಿ ನೋಡಿದಳು. ಅರ್ಧ ಹೆಸರಷ್ಟೇ ಮೂಡಿತ್ತು, ಅದೂ ತೆಳ್ಳಗೆ.

“ಸರಿಯಾಗಿ ಬಂದಿಲ್ಲ,” ಎಂದಳು. “ಇನ್ನೊಂದ್ಸಲ ಒತ್ತಿ. ಗಟ್ಟಿಯಾಗಿ.”